ಸ್ಫಟಿಕ ಮಾಲೆ: ಒಂಬತ್ತು ವರ್ಷ ಬಳಸಿದ್ದೇನೆ, ಅದರಲ್ಲಿ ಒಂದೂವರೆ ವರ್ಷ ಬರೀ ಗಾಜು

ಇದು ಒಂದಲ್ಲ, ಎರಡು ಮಾಲೆಗಳ ವಿಮರ್ಶೆ. ಮೊದಲನೆಯದು 2016ರಲ್ಲಿ ಯಾತ್ರೆಗೆ ಹೋದ ಊರಿನ ಒಂದು ಅಂಗಡಿಯಲ್ಲಿ 650 ರೂಪಾಯಿಗೆ ಕೊಂಡದ್ದು. ಎರಡನೆಯದು 2018ರ ಶುರುವಿನಲ್ಲಿ 1,900 ಕೊಟ್ಟು ತಂದದ್ದು, ಅದು ಈಗಲೂ ದೇವರಮನೆಯಲ್ಲಿದೆ. ಎರಡರಲ್ಲೂ 108 ಮಣಿ, ಮೇಲೊಂದು ಮೇರು ಮಣಿ. ಎರಡೂ ಎಂಟು ಮಿಲಿಮೀಟರ್ ಗಾತ್ರದವು. ಒಂದು ಸ್ಫಟಿಕ (ಇಂಗ್ಲಿಷಿನಲ್ಲಿ ಕ್ವಾರ್ಟ್ಜ್), ಒಂದು ಗಾಜು. ಯಾವುದು ಯಾವುದು ಅಂತ ಬೆಲೆ ನೋಡಿಯೇ ಊಹಿಸಿರುತ್ತೀರಿ, ನನಗೆ ಮಾತ್ರ ಅದು ಹೊಳೆಯಲು ಒಂದೂವರೆ ವರ್ಷ ಬೇಕಾಯಿತು.

ತಗೊಂಡ ಕಾರಣ ಬಿಪಿ. ಆ ವರ್ಷ ಡಾಕ್ಟರು ನೋಡಿದಾಗ 154/96 ಇತ್ತು, ಮಾತ್ರೆ ಬರೆದುಕೊಟ್ಟಿದ್ದರು. ಜೊತೆಗೆ ನನ್ನದು ಉಷ್ಣದ ಮೈ, ಬೇಸಿಗೆಯಲ್ಲಿ ಅಂಗಾಲು ಉರಿ, ರಾತ್ರಿ ನಿದ್ದೆ ಇಲ್ಲ. ಅಂಗಡಿಯವರು ಮಾಲೆಯನ್ನು ನನ್ನ ಅಂಗೈಗೆ ಹಾಕಿ, "ನೋಡಿ ಮೇಡಂ, ಎಷ್ಟು ತಂಪಾಗಿದೆ, ಮೈಯ ಉಷ್ಣ ಎಲ್ಲಾ ಎಳ್ಕೊಂಡುಬಿಡುತ್ತೆ, ಬಿಪಿ ತಾನಾಗೇ ಇಳಿಯುತ್ತೆ" ಅಂದರು. ನಿಜವಾಗಲೂ ತಂಪಾಗಿತ್ತು. ಅಂಗಡಿಗೆ ಏಸಿ ಇತ್ತು ಅನ್ನುವುದು ಆಗ ತಲೆಗೆ ಹೋಗಲಿಲ್ಲ.

ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ಜಪ, ಉಳಿದ ಹೊತ್ತು ಕತ್ತಿನಲ್ಲಿ. ಒಂದು ತಿಂಗಳಿಗೆ ಮನಸ್ಸು ಹಗುರಾಯಿತು, ನಿದ್ದೆ ಸುಧಾರಿಸಿತು. ನಾನಂತೂ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಆ ಉತ್ಸಾಹದಲ್ಲಿ ಒಂದು ತಪ್ಪು ಮಾಡಿದೆ, ಇಲ್ಲಿ ಬರೆಯಲೇಬೇಕು: ಪರಿಚಯದವರೊಬ್ಬರ ಮಾತು ಕೇಳಿ ಮೂರು ವಾರ ಮಾತ್ರೆ ನಿಲ್ಲಿಸಿದೆ. ಮಾಲೆ ಕತ್ತಿನಲ್ಲೇ ಇತ್ತು. ನಾಲ್ಕನೇ ವಾರ ತಲೆನೋವು ಅಂತ ಹೋದರೆ 160/100. ಡಾಕ್ಟರಿಂದ ಚೆನ್ನಾಗಿ ಬೈಸಿಕೊಂಡು ಬಂದೆ. ಮತ್ತೆ ಮಾತ್ರೆ, ಲಾಲ್‌ಬಾಗ್‌ನಲ್ಲಿ ನಡಿಗೆ, ಉಪ್ಪಿನಕಾಯಿ ಕಡಿಮೆ. ಆಮೇಲೆ ಬಿಪಿ 130ರ ಆಸುಪಾಸಿಗೆ ಬಂದು ನಿಂತಿದೆ. ಇಳಿದದ್ದು ಯಾವುದರಿಂದ ಅಂತ ನನಗೆ ಅನುಮಾನವಿಲ್ಲ.

ಗಾಜು ಅಂತ ಗೊತ್ತಾದದ್ದು ಅಣ್ಣನ ಮಗಳಿಂದ. ಶಾಲೆಯ ಪ್ರಾಜೆಕ್ಟಿಗೆ ತಂದಿದ್ದ ಭೂತಗನ್ನಡಿಯಲ್ಲಿ ಮನೆಯ ಸಾಮಾನೆಲ್ಲ ನೋಡುತ್ತಾ ನನ್ನ ಮಾಲೆಗೂ ಬಂದಳು. "ಅತ್ತೆ, ಇದರೊಳಗೆ ಸೋಡಾ ಥರ ಗುಳ್ಳೆ ಇದೆ" ಅಂದಳು. ದುಂಡಗಿನ ಗಾಳಿಗುಳ್ಳೆ ಕಂಡರೆ ಅದು ಕರಗಿಸಿ ಎರಕ ಹೊಯ್ದ ಗಾಜು. ನಿಜವಾದ ಸ್ಫಟಿಕದೊಳಗೆ ಬೇರೆ ಥರದ್ದು ಇರುತ್ತದೆ: ತೆಳು ಮಂಜಿನ ಪರದೆಯಂಥ ಎಳೆಗಳು. ಕಲ್ಲು ಬೆಳೆಯುವಾಗ ಬಿರುಕು ಬಿಟ್ಟು, ಆ ಬಿರುಕು ಮತ್ತೆ ಕೂಡಿಕೊಳ್ಳುವಾಗ ಒಳಗೆ ಸಿಕ್ಕಿಕೊಂಡ ನೀರಿನ ಹನಿಗಳು ಅವು. ನನ್ನ ಎರಡನೇ ಮಾಲೆಯಲ್ಲಿ ಇಪ್ಪತ್ತು ಇಪ್ಪತ್ತೈದು ಮಣಿಗಳಲ್ಲಾದರೂ ಇಂಥ ಎಳೆ ಇವೆ. ಕೆಲವರು ಇದನ್ನು ದೋಷ ಅಂತ ವಾಪಸ್ ಕೊಡುತ್ತಾರಂತೆ! ನನಗೆ ಅದೇ ಸಮಾಧಾನ.

ಇನ್ನೊಂದು ಗುರುತು, ಆಗಲೇ ಗಮನಿಸಬೇಕಿತ್ತು. ಮೊದಲ ಮಾಲೆ ಒಂದು ವರ್ಷಕ್ಕೇ ಮಂಕಾಗಿತ್ತು. ನಾನು ಬೆವರಿನ ಜಿಡ್ಡು ಅಂತ ಸೀಗೇಕಾಯಿ ಹಾಕಿ ತಿಕ್ಕುತ್ತಿದ್ದೆ. ಕಾರಣ ಗಡಸುತನ. ಮೋಸ್ ಅಳತೆಯಲ್ಲಿ ಸ್ಫಟಿಕ 7, ಮಾಮೂಲಿ ಗಾಜು ಐದೂವರೆ ಆಸುಪಾಸು. ನಮ್ಮ ಮನೆಯ ಧೂಳಿನಲ್ಲೇ ಸಣ್ಣ ಮರಳಿನ ಕಣ ಇರುತ್ತದೆ, ಆ ಮರಳು ಅಂದರೆ ಸ್ಫಟಿಕವೇ. ಒರೆಸಿದಷ್ಟೂ ಗಾಜಿಗೆ ಗೀರು ಬೀಳುತ್ತದೆ. ಎರಡನೇ ಮಾಲೆಗೆ ಏಳು ವರ್ಷವಾದರೂ ಹೊಳಪು ಹಾಗೇ ಇದೆ, ತೂತಿನ ಅಂಚಿನಲ್ಲಿ ಮಾತ್ರ ಒಂದಕ್ಕೊಂದು ತಾಗಿ ಚೂರು ಒಡೆದಿವೆ.

ಎರಡನೆಯದನ್ನು ಕೊಂಡಾಗ ಬಿಡಲಿಲ್ಲ, ಮನೆಗೆ ತಂದು ಎಲ್ಲಾ ಪರೀಕ್ಷೆ ಮಾಡಿದೆ. ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ಮಾಲೆ 75.2 ಗ್ರಾಂ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು, ಸೊನ್ನೆಗೆ ತಂದು, ಮಾಲೆಯನ್ನು ದಾರದಲ್ಲಿ ನೀರೊಳಗೆ ಇಳಿಬಿಟ್ಟೆ, ತಳಕ್ಕೆ ತಾಗದ ಹಾಗೆ. 28.4 ತೋರಿಸಿತು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 2.65. ಸ್ಫಟಿಕದ ಸಾಂದ್ರತೆ ಅದೇ. ಹಳೇ ಮಾಲೆಗೆ 2.5 ಬಂತು, ಕಿಟಕಿ ಗಾಜಿನ ಲೆಕ್ಕ. ಇನ್ನೊಂದು ಪರೀಕ್ಷೆ ನೋಡಲೂ ಚೆಂದ: ಲ್ಯಾಪ್‌ಟಾಪಿನಲ್ಲಿ ಬಿಳಿ ಪರದೆ ತೆರೆದು, ಪೋಲರಾಯ್ಡ್ ತಂಪು ಕನ್ನಡಕವನ್ನು ಕಣ್ಣಮುಂದೆ ಹಿಡಿದು ಪರದೆ ಕಪ್ಪಾಗುವವರೆಗೆ ತಿರುಗಿಸಿ. ಈಗ ನಡುವೆ ಮಾಲೆ ಹಿಡಿದರೆ ಗಾಜಿನ ಮಣಿ ಕಪ್ಪಾಗೇ ಉಳಿಯುತ್ತದೆ, ಸ್ಫಟಿಕದ ಮಣಿಗಳು ಮಾತ್ರ ಕತ್ತಲಲ್ಲಿ ದೀಪ ಹಚ್ಚಿದ ಹಾಗೆ ಬೆಳಗುತ್ತವೆ. ಒಳಗಿನ ಅಣುಗಳು ಸಾಲಾಗಿ ಕೂತಿರುವುದರಿಂದ ಬೆಳಕು ಎರಡಾಗಿ ಒಡೆದು ಹೋಗುತ್ತದೆ, ಗಾಜಿನಲ್ಲಿ ಆ ಸಾಲು ಇಲ್ಲ. ಅಂಗಡಿಗಳಲ್ಲಿ ಎರಡು ಮಣಿ ಉಜ್ಜಿ ಕಿಡಿ ತೋರಿಸುತ್ತಾರಲ್ವಾ, ಅದು ಬೇಡ, ಮಣಿ ಹಾಳು. ಬೆಂಕಿಗೆ ಹಿಡಿದು ನೋಡಿ ಅನ್ನುವವರ ಮಾತಂತೂ ಕೇಳಲೇಬೇಡಿ, ಕಾಯಿಸಿ ನೀರಿಗೆ ಹಾಕಿದರೆ ಬಿರುಕು ಬಿಡುತ್ತದೆ. ಒಂದು ಮಾತು ಮಾತ್ರ ಒಪ್ಪಬೇಕು: ಕಾರ್ಖಾನೆಯಲ್ಲಿ ಬೆಳೆಸಿದ ಸ್ಫಟಿಕವಾದರೆ ಈ ಯಾವ ಪರೀಕ್ಷೆಯಿಂದಲೂ ಗೊತ್ತಾಗುವುದಿಲ್ಲ. ಯಾಕೆಂದರೆ ಅದೂ ಸ್ಫಟಿಕವೇ, ದಪ್ಪ ಉಕ್ಕಿನ ಪಾತ್ರೆಯೊಳಗೆ ಬಿಸಿನೀರು ಮತ್ತು ಭಾರಿ ಒತ್ತಡದಲ್ಲಿ ಕೆಲವು ವಾರಗಳಲ್ಲಿ ಬೆಳೆದದ್ದು.

ಭೂಮಿಯೊಳಗೂ ಹೆಚ್ಚುಕಮ್ಮಿ ಅದೇ ಅಡುಗೆ, ಅವಸರ ಮಾತ್ರ ಇಲ್ಲ. ಸಿಲಿಕಾನ್ ಮತ್ತು ಆಮ್ಲಜನಕ, ಭೂಮಿಯ ಹೊರಪದರದಲ್ಲಿ ಅತಿ ಹೆಚ್ಚು ಇರುವ ಎರಡು ಧಾತುಗಳು, ಸೇರಿ ಆದ ಸಿಲಿಕಾ ಇದು. ಆಳದಲ್ಲಿ ಕುದಿಯುವ ನೀರು ಬಂಡೆಯಿಂದ ಸಿಲಿಕಾ ಕರಗಿಸಿಕೊಂಡು ಬಿರುಕುಗಳಲ್ಲಿ ಮೇಲೇರುತ್ತದೆ, ತಣ್ಣಗಾಗುತ್ತಾ ಬಿರುಕಿನ ಗೋಡೆಗೆ ಸಿಲಿಕಾ ಬಿಟ್ಟುಹೋಗುತ್ತದೆ. ಬೇಗ ಬೆಳೆದು ಒಳಗೆ ಲೆಕ್ಕವಿಲ್ಲದಷ್ಟು ಸಣ್ಣ ಹನಿ ಸೇರಿಕೊಂಡರೆ ಹಾಲಿನ ಬಣ್ಣ. ನಿಧಾನವಾಗಿ, ಜಾಗ ಇರುವ ಪೊಟರೆಯಲ್ಲಿ ಬೆಳೆದರೆ ಆರು ಮುಖದ ತಿಳಿ ಕಲ್ಲು. ಕಬ್ಬಿಣದ ಅಂಶ ಸೇರಿ ಬಂಡೆಯ ವಿಕಿರಣ ತಾಗಿದರೆ ಅದೇ ನೇರಳೆ ಬಣ್ಣದ ಅಮೆಥಿಸ್ಟ್. (ಅದನ್ನು ಬಿಸಿಲಿನಲ್ಲಿ ಇಡಬೇಡಿ, ಬಣ್ಣ ಮಾಸುತ್ತದೆ.) ಬ್ರೆಜಿಲ್‌ನ ಮಿನಾಸ್ ಜೆರೈಸ್, ಅಮೆರಿಕದ ಅರ್ಕಾನ್ಸಾ, ಆಲ್ಪ್ಸ್ ಪರ್ವತ ಒಳ್ಳೆಯ ತಿಳಿ ಕಲ್ಲಿಗೆ ಹೆಸರುವಾಸಿ. ಅಂಗಡಿಯಲ್ಲಿ ಕೇಳಿದರೆ ಮಾತ್ರ ಎಲ್ಲವೂ ಹಿಮಾಲಯದ್ದೇ!

ನಮ್ಮೂರ ಕಡೆ ಹೊಲದಲ್ಲಿ ಬಿದ್ದಿರುವ ಬೆಣಚುಕಲ್ಲು ಇದೇ ಜಾತಿಯದು ಅಂತ ಗೊತ್ತಾದಾಗ ನನಗೆ ನಗು ಬಂತು. ಚಿಕ್ಕವರಿದ್ದಾಗ ಕರೆಂಟು ಹೋದ ರಾತ್ರಿ ಎರಡು ಬೆಣಚುಕಲ್ಲು ಉಜ್ಜಿ ಮಿಣುಕು ಬೆಳಕು ತರಿಸುತ್ತಿದ್ದೆವು, ಸುಟ್ಟ ವಾಸನೆ ಬೇರೆ. ಕಾಸಿಲ್ಲದ ಕಲ್ಲು. ಕೋಲಾರದ ಚಿನ್ನ ಸಿಕ್ಕಿದ್ದೂ ಈ ಬೆಣಚುಕಲ್ಲಿನ ಪಟ್ಟೆಗಳಲ್ಲೇ. ಅದರ ಹಿಂದೆ ಬಿದ್ದು ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿ, 2001ರಲ್ಲಿ ಗಣಿ ಮುಚ್ಚಿದರು. ಲಾಲ್‌ಬಾಗ್ ಬಂಡೆ ಹತ್ತುವಾಗ ಕಾಲಡಿ ಕಾಣುವ ಬಿಳಿ ಗೆರೆಗಳಲ್ಲೂ ಇದು ಇದೆ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ.

ಈಗ ತಂಪಿನ ವಿಷಯ. ಇದು ಸುಳ್ಳಲ್ಲ, ಅರ್ಧ ನಿಜ. ಸ್ಫಟಿಕ ಶಾಖವನ್ನು ಗಾಜಿಗಿಂತ ಆರೇಳು ಪಟ್ಟಾದರೂ ಬೇಗ ಒಯ್ಯುತ್ತದೆ. ಹಾಗಾಗಿ ಮುಟ್ಟಿದ ಕೂಡಲೇ ಬೆರಳಿನ ಬಿಸಿ ಅದಕ್ಕೆ ಹೋಗುತ್ತದೆ, ನಮಗೆ ತಣ್ಣಗೆ ಅನ್ನಿಸುತ್ತದೆ. ಬೆಳಿಗ್ಗೆ ಎದ್ದು ಮಾಲೆ ಕತ್ತಿಗೆ ಹಾಕಿಕೊಂಡಾಗ ಮೈ ಜುಮ್ಮೆನ್ನುತ್ತದೆ. ಆದರೆ 75 ಗ್ರಾಂ ಕಲ್ಲು ಎಷ್ಟು ಶಾಖ ಹಿಡಿದೀತು? ಐದು ಹತ್ತು ನಿಮಿಷದಲ್ಲಿ ಅದು ಮೈಯಷ್ಟೇ ಬೆಚ್ಚಗಾಗುತ್ತದೆ, ಅಲ್ಲಿಗೆ ಮುಗಿಯಿತು. ಒಂದು ಲೋಟ ಮಜ್ಜಿಗೆ ಕುಡಿದರೆ ಇದಕ್ಕಿಂತ ಜಾಸ್ತಿ ತಂಪು. ಈ ತಣ್ಣನೆಯ ಸ್ಪರ್ಶಕ್ಕೆ ಮರುಳಾದವರು ನಾವಷ್ಟೇ ಅಲ್ಲ. ಗ್ರೀಕರು ಇದಕ್ಕಿಟ್ಟ ಹೆಸರೇ ಮಂಜುಗಡ್ಡೆ ಅಂತ, ರೋಮಿನ ಪ್ಲಿನಿ ಇದು ಗಟ್ಟಿಯಾಗಿ ಹೆಪ್ಪುಗಟ್ಟಿದ ಮಂಜು ಅಂತಲೇ ಬರೆದಿಟ್ಟ.

ಮಾರುವವರು ಈಚೆಗೆ ಇನ್ನೊಂದು ಮಾತು ಕಲಿತಿದ್ದಾರೆ: "ಕ್ವಾರ್ಟ್ಜ್ ವಾಚ್ ಓಡೋದು ಇದರ ಎನರ್ಜಿಯಿಂದಲೇ." ಕಲ್ಲನ್ನು ಒತ್ತಿದರೆ ವಿದ್ಯುತ್ ಹುಟ್ಟುವುದು ನಿಜ, 1880ರಲ್ಲಿ ಕ್ಯೂರಿ ಸಹೋದರರು ಕಂಡುಹಿಡಿದದ್ದು. 1969ರಲ್ಲಿ ಜಪಾನಿನ ಸೀಕೋ ಕಂಪನಿ ಅದನ್ನು ಕೈಗಡಿಯಾರಕ್ಕೆ ತಂದಿತು. ನಮ್ಮಪ್ಪನ ಎಚ್‌ಎಂಟಿ ಕ್ವಾರ್ಟ್ಜ್ ವಾಚ್ ಈಗಲೂ ಇದೆ, ಅದರೊಳಗೂ ಅಕ್ಕಿಕಾಳಿನಷ್ಟು ಸ್ಫಟಿಕ ಸೆಕೆಂಡಿಗೆ 32,768 ಸಲ ನಡುಗುತ್ತದೆ. ಆದರೆ ಅದು ನಡುಗುವುದು ಬ್ಯಾಟರಿಯಿಂದ ಸ್ವಾಮಿ! ಸೆಲ್ ಮುಗಿದರೆ ವಾಚ್ ನಿಲ್ಲುತ್ತದೆ. ಕಲ್ಲು ಶಕ್ತಿ ಕೊಡುವುದಿಲ್ಲ, ತಾಳ ಹಾಕುತ್ತದೆ ಅಷ್ಟೇ.

ಹಾಗಾದರೆ ನನಗೆ ಬಂದ ನೆಮ್ಮದಿ? ಅದು ಸುಳ್ಳಲ್ಲ, ಈಗಲೂ ಬರುತ್ತದೆ. ಆದರೆ ಅದು ಗಾಜಿನ ಮಾಲೆಯಲ್ಲೂ ಅಷ್ಟೇ ಬಂದಿತ್ತಲ್ಲ! 2001ರಲ್ಲಿ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಮನಃಶಾಸ್ತ್ರಜ್ಞ ಕ್ರಿಸ್ಟೋಫರ್ ಫ್ರೆಂಚ್ ಮತ್ತು ಜೊತೆಯವರು 80 ಜನರ ಮೇಲೆ ಇದನ್ನೇ ನೋಡಿದ್ದರು. ಕೆಲವರ ಕೈಗೆ ನಿಜವಾದ ಸ್ಫಟಿಕ, ಕೆಲವರಿಗೆ ನಕಲಿ, ಯಾರಿಗೂ ಯಾವುದು ಅಂತ ಹೇಳಲಿಲ್ಲ. ಕೈ ಬೆಚ್ಚಗಾಯಿತು, ಜುಮ್ಮೆಂದಿತು, ಹಾಯೆನಿಸಿತು ಅಂತ ಎರಡೂ ಕಡೆಯವರು ಒಂದೇ ಥರ ಹೇಳಿದರು. ಅದನ್ನು ಓದಿದಾಗ, ನಾನೂ ಗೊತ್ತಿಲ್ಲದೆ ಒಂದೂವರೆ ವರ್ಷ ಈ ಪ್ರಯೋಗ ಮಾಡಿದ್ದೆನಲ್ಲ ಅನ್ನಿಸಿತು. ಉಸಿರಿನ ಜೊತೆ ಒಂದೊಂದೇ ಮಣಿ ಸರಿಸುತ್ತಾ ಇಪ್ಪತ್ತು ನಿಮಿಷ ಫೋನು ಮುಟ್ಟದೆ ಕೂತರೆ ಹುಣಸೆಬೀಜವಾದರೂ ನಡೆಯುತ್ತದೆ ಅಂತ ನನ್ನ ಅಂದಾಜು. ಪೂಜೆಯ ಮಾತು ಬೇರೆ, ಶೃಂಗೇರಿಯ ಚಂದ್ರಮೌಳೀಶ್ವರನೂ ಸ್ಫಟಿಕ ಲಿಂಗವೇ, ಅದರ ಮುಂದೆ ನಾನು ಸಾಂದ್ರತೆ ಅಳೆಯಲು ಹೋಗುವುದಿಲ್ಲ.

ಕೊಳ್ಳುವವರಿಗೆ ಕೆಲವು ಮಾತು. ದಾರವೇ ಈ ಮಾಲೆಯ ದೊಡ್ಡ ತೊಂದರೆ. ತೂತಿನ ಅಂಚು ಚೂಪಾಗಿರುವುದರಿಂದ ಹತ್ತಿ ದಾರ ಆಗಾಗ ಹರಿಯುತ್ತದೆ, ನನ್ನದು ಮೂರು ಸಲ ಹರಿದಿದೆ. ಪೋಣಿಸುವಾಗ ಮಣಿಮಣಿಗೂ ಗಂಟು ಹಾಕಿಸಿ. ಉಪ್ಪುನೀರಿನಲ್ಲಿ ರಾತ್ರಿಯಿಡೀ ನೆನೆಸಿ "ಶುದ್ಧಿ" ಮಾಡಿ ಅನ್ನುತ್ತಾರೆ. ಕಲ್ಲಿಗೆ ಏನೂ ಆಗುವುದಿಲ್ಲ, ದಾರ ಕೊಳೆಯುತ್ತದೆ, ಮಣಿಗೆ ಹಾಕಿದ ಬೆಳ್ಳಿ ಟೋಪಿ ಕಪ್ಪಾಗುತ್ತದೆ. ಬಿಸಿಲಿಗೆ ಇಡುವುದಾದರೆ ಕಣ್ಣೆದುರಲ್ಲೇ ಇಡಿ. ಮಾಲೆಯ ಜೊತೆ ಒಂದು ಸ್ಫಟಿಕದ ಉಂಡೆಯನ್ನೂ ಕೊಂಡಿದ್ದೆ, ಕಿಟಕಿಯಲ್ಲಿಟ್ಟು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಮೇಜಿನ ಬಟ್ಟೆಯಲ್ಲಿ ಹೊಗೆ. ಭೂತಗನ್ನಡಿಯ ಕೆಲಸವೇ ಅದು. ಇನ್ನು ಗ್ರಂಥಿಗೆ ಅಂಗಡಿಯಲ್ಲಿ ಸ್ಫಟಿಕ ಅಂತ ಕೇಳಬೇಡಿ, ನೀರು ತಿಳಿ ಮಾಡುವ ಪಟಿಕ ಕಟ್ಟಿಕೊಡುತ್ತಾರೆ, ನಮ್ಮಕ್ಕ ಹಾಗೇ ತಂದಿದ್ದಳು.

ಒಡೆದ ಮಣಿಯ ಅಂಚನ್ನು ನೀವೇ ಉಜ್ಜಲು ಹೋಗಬೇಡಿ. ಈ ಕಲ್ಲಿನ ಸಣ್ಣ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್, ಅದಕ್ಕೆ ವಾಸಿ ಮಾಡುವ ಮದ್ದಿಲ್ಲ. ಗುಜರಾತಿನ ಖಂಭಾತ್‌ನಲ್ಲಿ ಇದೇ ಜಾತಿಯ ಅಗೇಟ್ ಕಲ್ಲು ಉಜ್ಜಿ ಮಣಿ ಮಾಡುವ ಎಷ್ಟೋ ಜನ ಈ ಕಾಯಿಲೆಯಿಂದ ಸತ್ತಿದ್ದಾರೆ. "ಉಸಿರಾಟಕ್ಕೆ ಒಳ್ಳೆಯದು" ಅಂತ ಒಂದು ಮಾಲೆಯ ಚೀಟಿಯಲ್ಲಿ ಓದಿದ ಮೇಲೆ ನನಗೆ ಆ ಸಾಲು ಮರೆಯಲಾಗಿಲ್ಲ.

ಮಾಲೆಗೆ ನನ್ನ ಅಂಕ ಐದಕ್ಕೆ ಮೂರೂವರೆ, ಔಷಧಿ ಅಂತ ಕೊಂಡರೆ ಸೊನ್ನೆ. ಹೋದ ವರ್ಷ ಬಸ್ಸಿನಲ್ಲಿ ಮೂರನೇ ಸಲ ದಾರ ಹರಿದಾಗ ಸೀಟಿನ ಕೆಳಗೆಲ್ಲ ಹುಡುಕಿ 107 ಸಿಕ್ಕವು, ಒಂದು ಸಿಗಲೇ ಇಲ್ಲ. ಲೆಕ್ಕ ತಪ್ಪಬಾರದು ಅಂತ ಹಳೇ ಗಾಜಿನ ಮಾಲೆಯಿಂದ ಒಂದನ್ನು ತೆಗೆದು ಪೋಣಿಸಿಕೊಂಡೆ. ಜಪ ಮಾಡುವಾಗ ಬೆರಳಿಗೆ ಯಾವುದೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಒಂದೊಂದಾಗಿ ಕೆನ್ನೆಗೆ ಒತ್ತಿ ನೋಡಿದರೆ ಮಾತ್ರ, ಮೇರು ಮಣಿಯಿಂದ ಹದಿನಾಲ್ಕನೆಯದು ಅಷ್ಟು ತಣ್ಣಗಿರುವುದಿಲ್ಲ.