ಕೋಲಿಯಸ್ಸೋ, ಕೆಲಾಡಿಯಮ್ಮೋ?

ನೆರಳು ಜಾಸ್ತಿ ಇರುವ ಅಂಗಳಕ್ಕೆ ಬಣ್ಣದ ಎಲೆ ಬೇಕೆಂದರೆ ನಾನು ಮೊದಲು ಹೇಳುವುದು ಕೋಲಿಯಸ್. ಇದು ತುಳಸಿಯ ಬಳಗದ ಗಿಡ. ಕಾಂಡ ಸವರಿ ನೋಡಿ, ನಾಲ್ಕು ಮೂಲೆ ಬೆರಳಿಗೆ ತಾಗುತ್ತದೆ. ಒಂದು ಕುಡಿ ಮುರಿದು ನೀರಿನ ಲೋಟದಲ್ಲಿಟ್ಟರೆ ಒಂದೆರಡು ವಾರದಲ್ಲಿ ಬೇರು ಬಿಡುತ್ತದೆ. ಹೂತೆನೆ ಕಂಡ ಕೂಡಲೇ ಚಿವುಟಿ, ಇಲ್ಲದಿದ್ದರೆ ಗಿಡ ಸುಮ್ನೆ ಉದ್ದವಾಗಿ ಸೊರಗುತ್ತದೆ.

ಕೆಲಾಡಿಯಂ ಅಂದವೇ ಬೇರೆ. ಕೆಸುವಿನಂಥ ಎಲೆ, ಬಿಳಿ ಮೈಮೇಲೆ ಹಸಿರು ನರ, ಕಾಗದದಷ್ಟು ತೆಳು. ಮಳೆಗಾಲದಲ್ಲಿ ಇದರ ಮುಂದೆ ಕೋಲಿಯಸ್ ಮಂಕೇ. ಆದರೆ ಚಳಿಗಾಲಕ್ಕೆ ಎಲೆ ಬಾಡಿ ಗೆಡ್ಡೆ ಮಲಗುತ್ತದೆ. ಸತ್ತಿತೆಂದು ಎಸೆಯಬೇಡಿ. ನೀರು ನಿಲ್ಲಿಸಿ, ಇಲ್ಲವಾದರೆ ಗೆಡ್ಡೆ ಕೊಳೆಯುತ್ತದೆ. ಎಲೆ ಜಗಿದರೆ ಬಾಯಿ ಉರಿದು ಊದುತ್ತದೆ, ಹಾಗಾಗಿ ಅಂಬೆಗಾಲಿಡುವ ಮಗು ಇರುವ ಮನೆಗೆ ಇದು ಬೇಡವೇ ಬೇಡ.