ಒಂದೇ ದೋಣಿ, ಎರಡು ಪಿಕಪ್, ಎರಡು ಥರದ ಬ್ರೇಕು

ಮಿನೆಸೋಟಾಕ್ಕೆ ಬಂದವರು ಒಂದೆರಡು ಬೇಸಿಗೆಯೊಳಗೆ ಒಂದೋ ದೋಣಿ ಕೊಳ್ಳುತ್ತಾರೆ, ಇಲ್ಲಾ ದೋಣಿ ಇರುವ ಗೆಳೆಯನನ್ನು ಹಿಡಿದುಕೊಳ್ಳುತ್ತಾರೆ. ಎರಡನೆಯದೇ ಜಾಣತನ. ನಾನು ಕೊಂಡೆ. 19 ಅಡಿಯ ಫೈಬರ್ ದೋಣಿ, ಸೆಕೆಂಡ್ ಹ್ಯಾಂಡು, ಟ್ರೇಲರ್ ಸಮೇತ. ಮೊದಲ ಎರಡು ಬೇಸಿಗೆ ಅದನ್ನು ಮಧ್ಯಮ ಗಾತ್ರದ ಪಿಕಪ್ಪಿನಲ್ಲಿ ಎಳೆದೆ. ಟಕೋಮಾ, ರೇಂಜರ್, ಕೊಲರಾಡೊ ಇರುವ ಗುಂಪು ಅಂದುಕೊಳ್ಳಿ. ಆಮೇಲಿನ ಎರಡು ಬೇಸಿಗೆ ಎಫ್-150, ಸಿಲ್ವರಾಡೊ ಗುಂಪಿನ ದೊಡ್ಡದರಲ್ಲಿ. ಮಧ್ಯೆ ಟ್ರೇಲರಿನ ಬ್ರೇಕನ್ನೂ ಬದಲಿಸಿದೆ. "ಯಾವ ಗಾಡಿ ತಗೊಳ್ಳಲಿ" ಅಂತ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಕೇಳುವುದು ಟೋ ರೇಟಿಂಗ್, ಅಂದರೆ ಗಾಡಿ ಎಷ್ಟು ತೂಕ ಎಳೆಯಬಹುದು ಅನ್ನುವ ಲೆಕ್ಕ. ನನ್ನ ಮಧ್ಯಮ ಪಿಕಪ್ಪಿನದು 6,500 ಪೌಂಡ್. ದೋಣಿ, ಟ್ರೇಲರ್, ಪೆಟ್ರೋಲ್, ಸಾಮಾನು ಎಲ್ಲಾ ಸೇರಿ 4,500 ಪೌಂಡ್, ಅಂದರೆ ಸುಮಾರು 2,040 ಕಿಲೋ. ಇನ್ನೂ ಎರಡು ಸಾವಿರ ಬಾಕಿ ಇದೆ, ಸಾಕಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ದೋಣಿಯ ಪುಸ್ತಕದಲ್ಲಿ ಇರುವುದು 3,100 ಮಾತ್ರ, ಅದು ಒಣ ದೋಣಿಯ ತೂಕ, ಅದರಲ್ಲಿ ಟ್ರೇಲರ್ ಇಲ್ಲ, ಟ್ಯಾಂಕಿನ ಪೆಟ್ರೋಲ್ ಇಲ್ಲ, ಲಂಗರು ಇಲ್ಲ, ನನ್ನ ಹೆಂಡತಿ ತುಂಬಿಸುವ ಐಸ್ ಪೆಟ್ಟಿಗೆಯಂತೂ ಇಲ್ಲವೇ ಇಲ್ಲ. ಪೆಟ್ರೋಲೇ ಗ್ಯಾಲನ್ನಿಗೆ 6 ಪೌಂಡ್ ತೂಗುತ್ತದೆ. ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪಿನಲ್ಲಿ ಲಾರಿಗಳಿಗೆ ಅಂತ ಕ್ಯಾಟ್ ಸ್ಕೇಲ್ ಇರುತ್ತದೆ. ನಾವೂ ಹೋಗಿ ತೂಗಿಸಬಹುದು, ಒಂದೊಂದು ಆಕ್ಸಲ್ಲಿನ ಭಾರ ಬೇರೆ ಬೇರೆ ಬರೆದ ಚೀಟಿ ಕೊಡುತ್ತಾರೆ. ಸಂಜೆ ಕೆಲಸ ಮುಗಿಸಿ ಬರುವಾಗ ಒಂದು ಸಲ ತೂಗಿಸಿ ಬನ್ನಿ.

ಮಧ್ಯಮ ಪಿಕಪ್ ಸೋತದ್ದು ಎಳೆಯುವುದರಲ್ಲಿ ಅಲ್ಲ, ಹೊರುವುದರಲ್ಲಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಹಳದಿ ಪಟ್ಟಿಯ ಸ್ಟಿಕರ್ ಕಾಣುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟೇ ಇರಬೇಕು ಅಂತ ಅದರಲ್ಲಿ ಬರೆದಿರುತ್ತದೆ. ನನ್ನದರಲ್ಲಿ ಇದ್ದದ್ದು 1,120 ಪೌಂಡ್. ನಾವಿಬ್ಬರು 330, ಮಕ್ಕಳಿಬ್ಬರು 150, ಹಿಂದಿನ ಸಾಮಾನು 200, ಹಿಂದಕ್ಕೆ ಹಾಕಿಸಿದ್ದ ಫೈಬರ್ ಮುಚ್ಚಳ 180. ಅದರ ಜೊತೆಗೆ ಹಿಚ್ಚಿನ ಮೇಲೆ, ಅಂದರೆ ಟ್ರೇಲರನ್ನು ಪಿಕಪ್ಪಿಗೆ ಸಿಕ್ಕಿಸುವ ಕೊಂಡಿಯ ಮೇಲೆ, ಟ್ರೇಲರ್ ಹೇರುವ ಭಾರ 430. ಒಟ್ಟು 1,290. ಎಳೆಯುವ ಲೆಕ್ಕದಲ್ಲಿ ಎರಡು ಸಾವಿರ ಉಳಿಸಿಕೊಂಡ ಗಾಡಿ ಹೊರುವ ಲೆಕ್ಕದಲ್ಲಿ 170 ಪೌಂಡ್ ಮೀರಿತ್ತು. ಈ ಟೋ ರೇಟಿಂಗಿಗೆ ಎಸ್ಎಇ ಅನ್ನುವ ಎಂಜಿನಿಯರುಗಳ ಸಂಘದ ಜೆ2807 ಅಂತ ಒಂದು ಪರೀಕ್ಷೆ ಇದೆ, ಅರಿಜೋನಾದ ಡೇವಿಸ್ ಡ್ಯಾಮ್ ಹತ್ತಿರದ ಏರನ್ನು ಹತ್ತುವುದು ಅದರಲ್ಲಿ ಒಂದು ಭಾಗ. ಆ ಲೆಕ್ಕದಲ್ಲಿ ಗಾಡಿಯೊಳಗೆ ಇರುವುದು 150 ಪೌಂಡಿನ ಇಬ್ಬರು ಮಾತ್ರ. ಮಕ್ಕಳಿಲ್ಲ, ಚಿತ್ರಾನ್ನದ ಡಬ್ಬಿ ಇಲ್ಲ.

ದೊಡ್ಡ ಪಿಕಪ್ಪಿನ ಸ್ಟಿಕರಿನಲ್ಲಿ 1,640 ಇತ್ತು. ಅದಕ್ಕೆ ಮುಚ್ಚಳ ಹಾಕಿಸಲಿಲ್ಲ. ಲೆಕ್ಕ ಸಲೀಸಾಗಿ ಕೂತಿತು. ಆದರೆ ದೊಡ್ಡ ಗಾಡಿ ಅಂದ ಮಾತ್ರಕ್ಕೆ ಹೀಗೇ ಇರುತ್ತದೆ ಅಂತ ನಂಬಬೇಡಿ. ಸನ್ ರೂಫು, ಚರ್ಮದ ಸೀಟು, ದೊಡ್ಡ ಚಕ್ರ ಅಂತ ಏರಿಸುತ್ತಾ ಹೋದಂತೆ ಆ ಸಂಖ್ಯೆ ಇಳಿಯುತ್ತದೆ. ಶೋರೂಮಿಗೆ ಹೋದರೆ ಸೀಟಿನಲ್ಲಿ ಕೂರುವ ಮೊದಲು ಬಾಗಿಲು ತೆಗೆದು ಸ್ಟಿಕರ್ ಓದಿ.

ಈಗ ಆ ಹಿಚ್ಚಿನ ಭಾರದ ವಿಷಯ. ಮಂಡ್ಯ ಕಡೆ ಎತ್ತಿನಗಾಡಿ ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗಾಡಿಯ ಹಿಂಭಾಗಕ್ಕೆ ಹೇರಿದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳು ಹಿಡಿಯುತ್ತದೆ. ಮುಂದಕ್ಕೇ ಹೇರಿದರೆ ನೊಗ ಹೆಗಲ ಮೇಲೆ ಕೂತು ಎತ್ತು ಸೋಲುತ್ತದೆ. ಟ್ರೇಲರಿಗೂ ಅದೇ ನ್ಯಾಯ. ಸಾಮಾನ್ಯವಾಗಿ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ಮೂಕಿಯ ಮೇಲೆ, ಅಂದರೆ ಹಿಚ್ಚಿಗೆ ಕೂರುವ ಟ್ರೇಲರಿನ ಮುಂತುದಿಯ ಮೇಲೆ, ಇರಬೇಕು ಅನ್ನುತ್ತಾರೆ. ದೋಣಿ ಟ್ರೇಲರಿಗೆ ಇದಕ್ಕಿಂತ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ, ಯಾಕೆಂದರೆ ಎಂಜಿನ್ನು ಹಿಂದೆ ಇರುತ್ತದೆ.

ಎತ್ತಿನಗಾಡಿ ನೋಡಿಯೇ ಬೆಳೆದ ನಾನು ಏನು ಮಾಡಿದೆ? ಐಸ್ ಪೆಟ್ಟಿಗೆ, ಬ್ಯಾಟರಿ, ಲಂಗರು ಎಲ್ಲವನ್ನೂ ಸುಮ್ನೆ ದೋಣಿಯ ಹಿಂಬದಿಗೆ ತುಂಬಿದೆ. ಮಿಲ್ ಲ್ಯಾಕ್ಸ್ ಕೆರೆಗೆ 169ನೇ ಹೆದ್ದಾರಿಯಲ್ಲಿ ಹೋಗುತ್ತಿದ್ದೆ, ಮಧ್ಯಮ ಪಿಕಪ್ಪಿನಲ್ಲಿ, ಗಂಟೆಗೆ 65 ಮೈಲಿ. ಪಕ್ಕದಲ್ಲಿ ದೊಡ್ಡ ಲಾರಿಯೊಂದು ದಾಟಿತು. ಆ ಗಾಳಿಗೆ ಟ್ರೇಲರ್ ಒಂದು ಸಲ ಆಚೆ ಹೋಗಿ ಈಚೆ ಬಂತು, ಆಮೇಲೆ ಇನ್ನೂ ಜೋರಾಗಿ ಆಚೆ ಹೋಯಿತು, ಕನ್ನಡಿಯಲ್ಲಿ ನೋಡಿದರೆ ಫ್ಯಾಕ್ಟರಿಗೆ ಕಬ್ಬು ಹೊತ್ತ ಎರಡು ಟ್ರೇಲರಿನ ಟ್ರ್ಯಾಕ್ಟರ್ ಹೋಗುತ್ತದಲ್ಲ, ಅದರ ಬಾಲದ ಥರ. ಟ್ರ್ಯಾಕ್ಟರ್ ಮೆಲ್ಲಗೆ ಹೋಗುತ್ತದೆ, ನಾನು 65ರಲ್ಲಿದ್ದೆ. ಬ್ರೇಕ್ ಒತ್ತುವುದಕ್ಕೆ ಕಾಲು ತುಡಿಯುತ್ತದೆ, ಆದರೆ ಒತ್ತಬಾರದು. ಸ್ಟೀರಿಂಗ್ ತಿರುಗಿಸಿ ಸರಿ ಮಾಡಲು ಹೋಗಲೂಬಾರದು. ಆಕ್ಸಿಲರೇಟರ್ ಬಿಟ್ಟು ನೆಟ್ಟಗೆ ಹಿಡಿದುಕೊಂಡು ಕೂರಬೇಕು. ಕೂತೆ. 45ಕ್ಕೆ ಇಳಿದ ಮೇಲೆ ಸುಮ್ಮನಾಯಿತು.

ಮನೆಗೆ ಬಂದು ಬಚ್ಚಲಿನ ತೂಕದ ಯಂತ್ರವನ್ನು ಮೂಕಿಯ ಕೆಳಗೆ ಇಟ್ಟು ನೋಡಿದರೆ 260 ಪೌಂಡ್. ನೂರಕ್ಕೆ 6 ಕೂಡ ಇಲ್ಲ. ಸಾಮಾನು ಮುಂದಕ್ಕೆ ತಂದೆ, ದೋಣಿಯನ್ನು ಟ್ರೇಲರಿನ ಮೇಲೆ ಎಳೆದುಕೊಳ್ಳುವ ವಿಂಚ್ ಇರುವ ಕಂಬವನ್ನು ಮೂರು ಅಂಗುಲ ಮುಂದೆ ಸರಿಸಿ ದೋಣಿಯನ್ನೇ ಮುಂದೆ ಕೂರಿಸಿದೆ. ಆಮೇಲೆ ಬಚ್ಚಲಿನ ಯಂತ್ರಕ್ಕೆ ಆಗದಷ್ಟಾಯಿತು, ಲಾರಿ ತೂಗುವಲ್ಲಿಗೆ ಹೋಗಿ ನೋಡಿದಾಗ ಬಂದದ್ದೇ ಮೇಲೆ ಹೇಳಿದ 430. ಓಲಾಟ ನಿಂತಿತು. ಆದರೆ ಪಿಕಪ್ಪಿನ ಬೆನ್ನು ಬಗ್ಗಿತು, ಮೂತಿ ಎದ್ದಿತು, ರಾತ್ರಿ ಎದುರಿನವರು ನನ್ನ ಹೆಡ್‌ಲೈಟಿಗೆ ಬೈಯುವ ಹಾಗಾಯಿತು. ಅಲ್ಲಿಗೆ ಗೊತ್ತಾಯಿತು, ಓಲಾಡದಿರಲು ಬೇಕಾದ ಭಾರವನ್ನು ಈ ಗಾಡಿ ನಮ್ಮ ನಾಲ್ವರ ಜೊತೆ ಹೊರಲಾರದು ಅಂತ.

ದೊಡ್ಡ ಪಿಕಪ್ಪಿನಲ್ಲಿ ಅದೇ ದೋಣಿ, ಅದೇ ದಾರಿ, ಲಾರಿ ದಾಟಿದರೆ ಒಂದು ಸಣ್ಣ ತಳ್ಳು ಅಷ್ಟೆ. ಗಾಡಿ ಉದ್ದ, ಭಾರವೂ ಜಾಸ್ತಿ. ಪೆಟ್ರೋಲ್ ವಿಷಯದಲ್ಲಿ ನನಗೆ ಆಶ್ಚರ್ಯ ಕಾದಿತ್ತು. ದೋಣಿ ಎಳೆಯುವಾಗ ಮಧ್ಯಮದ್ದು ಗ್ಯಾಲನ್ನಿಗೆ 10 ಮೈಲಿ, ದೊಡ್ಡದು 11. ಚಿಕ್ಕ ಗಾಡಿ ಅಂತ ಉಳಿತಾಯವೇನೂ ಇಲ್ಲ. ಮಧ್ಯಮದ್ದು ಗೆಲ್ಲುವುದು ದೋಣಿ ಇಳಿಸುವ ಇಳಿಜಾರಿನಲ್ಲಿ, ಹಿಂದಕ್ಕೆ ನೋಡುವುದು ಸುಲಭ, ಇಕ್ಕಟ್ಟಿನಲ್ಲಿ ತಿರುಗಿಸುವುದೂ ಸುಲಭ. ದೊಡ್ಡದರಲ್ಲಿ ನಾನು ಮೊದಲ ಸಲ ನಾಲ್ಕು ಬಾರಿ ಹಿಂದೆ ಮುಂದೆ ಮಾಡಿ, ಐದನೇ ಸಲ ಸರಿಯಾಗಿ ಇಳಿಸಿ, ದೋಣಿಯ ತಳದ ಪ್ಲಗ್ ಹಾಕಲು ಮರೆತೆ. ಈ ರಾಜ್ಯದಲ್ಲಿ ರಸ್ತೆ ಮೇಲೆ ಹೋಗುವಾಗ ಪ್ಲಗ್ ತೆಗೆದಿರಲೇಬೇಕು, ಜೀಬ್ರಾ ಮಸಲ್ ಅನ್ನುವ ಚಿಪ್ಪಿನ ಜೀವಿಯಂಥವು ನೀರಿನ ಜೊತೆ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಬಾರದು ಅಂತ. ಅದನ್ನು ಮತ್ತೆ ಹಾಕುವುದು ಮಾತ್ರ ನಮ್ಮ ತಲೆನೋವು.

ಇನ್ನು ಬ್ರೇಕು. ಮಿನೆಸೋಟಾದಲ್ಲಿ 3,000 ಪೌಂಡ್ ಮತ್ತು ಮೇಲ್ಪಟ್ಟ ಟ್ರೇಲರಿಗೆ ಸ್ವಂತ ಬ್ರೇಕ್ ಇರಬೇಕು. ನನ್ನದರಲ್ಲಿ ಬಂದದ್ದು ಸರ್ಜ್ ಬ್ರೇಕ್, ದೋಣಿ ಟ್ರೇಲರುಗಳಲ್ಲಿ ಅದೇ ಜಾಸ್ತಿ. ನಾವು ನಿಧಾನ ಮಾಡಿದಾಗ ಟ್ರೇಲರ್ ಮುಂದಕ್ಕೆ ತಳ್ಳುತ್ತದಲ್ಲ, ಆ ತಳ್ಳುವಿಕೆಯೇ ಮೂಕಿಯ ತುದಿಯ ಕಪ್ಲರಿನಲ್ಲಿರುವ ಪಿಸ್ಟನ್ ಒತ್ತಿ ಅದರ ಬ್ರೇಕ್ ಹಿಡಿಸುತ್ತದೆ. ಯಾವ ಪಿಕಪ್ಪಿಗೂ ಹೊಂದುತ್ತದೆ, ನೀರಿನಲ್ಲಿ ಮುಳುಗಿದರೂ ಕರೆಂಟಿನ ಚಿಂತೆ ಇಲ್ಲ. ಸಮತಟ್ಟಾದ ದಾರಿಯಲ್ಲಿ ನನಗೆ ಒಂದು ದೂರೂ ಇರಲಿಲ್ಲ. ಹಿಂದಕ್ಕೆ ಏರು ಹತ್ತಿಸುವಾಗ ಮಾತ್ರ ತಳ್ಳಿದ್ದಕ್ಕೇ ಬ್ರೇಕ್ ಹಿಡಿದು ನಿಂತುಬಿಡುತ್ತಿತ್ತು. ಟ್ರೇಲರಿನ ವೈರಿಂಗಿನ ಐದನೇ ತಂತಿಯನ್ನು ರಿವರ್ಸ್ ಲೈಟಿಗೆ ಜೋಡಿಸಿದ ಮೇಲೆ, ರಿವರ್ಸಿನಲ್ಲಿ ಆ ಬ್ರೇಕ್ ಹಿಡಿಯದಂತಾಗಿ ಆ ಕಾಟ ತಪ್ಪಿತು.

ಬಣ್ಣ ಬಯಲಾದದ್ದು ಡುಲುತ್‌ನಲ್ಲಿ. ಐ-35 ಹೆದ್ದಾರಿ ಥಾಂಪ್ಸನ್ ಗುಡ್ಡದಿಂದ ಊರಿಗೆ ಇಳಿಯುತ್ತದೆ, ಎದುರಿಗೆ ಇಡೀ ಸುಪೀರಿಯರ್ ಸರೋವರ, ನೋಡುತ್ತಾ ಕೂರುವ ಹಾಗಿಲ್ಲ. ದೊಡ್ಡ ಪಿಕಪ್ಪೇ ಇತ್ತು ಆಗ. ಗೇರ್ ಇಳಿಸಿ ಎಂಜಿನ್ನಿನಿಂದ ತಡೆದರೆ ಬ್ರೇಕ್ ಕಾಯುವುದಿಲ್ಲ ಅಂತ ಕಲಿತಿದ್ದೇವಲ್ಲ, ಸರ್ಜ್ ಬ್ರೇಕಿಗೆ ಆ ಪಾಠ ಅರ್ಧವೇ. ಎಂಜಿನ್ ತಡೆದರೂ ಟ್ರೇಲರ್ ತಳ್ಳುತ್ತಲೇ ಇರುತ್ತದೆ, ತಳ್ಳಿದಷ್ಟೂ ಅದರ ಬ್ರೇಕ್ ಹಿಡಿದೇ ಇರುತ್ತದೆ. ಕೆಳಗೆ ನಿಲ್ಲಿಸಿದಾಗ ಸುಟ್ಟ ವಾಸನೆ, ಚಕ್ರದ ಹತ್ತಿರ ಕೈ ಒಯ್ಯಲಾಗದಷ್ಟು ಬಿಸಿ. ಅದನ್ನು ಹಾಗೇ ತಣ್ಣೀರಿಗೆ ಇಳಿಸಿದ್ದರೆ ಬೇರಿಂಗಿನೊಳಗೆ ನೀರು ಎಳೆದುಕೊಳ್ಳುತ್ತಿತ್ತು. ಅರ್ಧ ಗಂಟೆ ಮಕ್ಕಳಿಗೆ ಚುರುಮುರಿ ತಿನ್ನಿಸಿ ಕಾದೆ.

ಆ ಚಳಿಗಾಲ ಎಲೆಕ್ಟ್ರಿಕ್ ಓವರ್ ಹೈಡ್ರಾಲಿಕ್ ಅನ್ನುವ ಬ್ರೇಕ್ ಹಾಕಿಸಿದೆ. ಚಕ್ರದ ಹತ್ತಿರ ಹೈಡ್ರಾಲಿಕ್ಕೇ, ಅಂದರೆ ದ್ರವದ ಒತ್ತಡದಿಂದ ಹಿಡಿಯುವುದೇ, ಆದರೆ ಒತ್ತಡ ಕೊಡುವ ಪಂಪು ಟ್ರೇಲರಿನ ಮುಂಭಾಗದಲ್ಲಿ, ನೀರಿಗಿಂತ ಮೇಲೆ. ಅದಕ್ಕೆ ಆಜ್ಞೆ ಪಿಕಪ್ಪಿನ ಒಳಗಿನ ಕಂಟ್ರೋಲರಿನಿಂದ ಏಳು ಪಿನ್ನಿನ ಪ್ಲಗ್ ಮೂಲಕ ಹೋಗುತ್ತದೆ. ಕೂಲಿ ಸೇರಿ ಸಾವಿರ ಡಾಲರ್ ದಾಟಿತು, ಅಗ್ಗವಲ್ಲ. ಅದೇ ಗುಡ್ಡದಲ್ಲಿ ಎಂಜಿನ್ನಿನಿಂದಲೇ ತಡೆದು ಇಳಿದೆ, ಬೇಕಾದಾಗ ಮಾತ್ರ ಬ್ರೇಕು, ಕೆಳಗೆ ಹೋದಾಗ ಚಕ್ರ ಬೆಚ್ಚಗಿತ್ತು ಅಷ್ಟೆ. ಇನ್ನೊಂದು, ನನಗೆ ಇದೇ ದೊಡ್ಡದು. ಟ್ರೇಲರ್ ಓಲಾಡಿದರೆ ಕಂಟ್ರೋಲರಿನ ಗುಂಡಿ ಹಿಂಡಿ ಹಿಂದಿನದಕ್ಕೆ ಮಾತ್ರ ಬ್ರೇಕ್ ಹಾಕಬಹುದು. ಬಾಲ ಹಿಡಿದು ಎಳೆದ ಹಾಗೆ ನೆಟ್ಟಗಾಗುತ್ತದೆ. 169ರಲ್ಲಿ ಅವತ್ತು ನನ್ನ ಕೈಯಲ್ಲಿ ಇದು ಇರಲಿಲ್ಲ.

ಹಾಗಾದರೆ ಯಾವುದು? ಇಬ್ಬರೇ ಹೋಗುವವರು, ಹತ್ತಿರದ ಕೆರೆ, ಸಮತಟ್ಟು ದಾರಿ ಅಂದರೆ ಮಧ್ಯಮ ಪಿಕಪ್ಪು ಮತ್ತು ಸರ್ಜ್ ಬ್ರೇಕ್ ಸಾಕು, ಮೂಕಿ ಸರಿ ಇರಬೇಕು ಅಷ್ಟೆ. ಮಕ್ಕಳು, ಸಾಮಾನು, ದೂರದ ದಾರಿ ಇದ್ದರೆ ದೊಡ್ಡದೇ ಬೇಕು. ಗುಡ್ಡ ಇದ್ದರೆ ಈ ಹೊಸ ಬ್ರೇಕು. ದೊಡ್ಡ ಗಾಡಿ ಕೊಂಡು ಬ್ರೇಕಿನಲ್ಲಿ ಉಳಿಸುವವರನ್ನು ಬೇಕಾದಷ್ಟು ನೋಡಿದ್ದೇನೆ, ನನಗೆ ಅದು ಸರಿ ಕಾಣುವುದಿಲ್ಲ. ಟ್ರೇಲರಿನ ಟೈರ್ ಕೂಡ ನೋಡಿಕೊಳ್ಳಿ, ಪಕ್ಕದಲ್ಲಿರುವ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ. ನನ್ನದರಲ್ಲಿ 2312 ಇತ್ತು, ಅಂದರೆ 2012ರ 23ನೇ ವಾರ. ನೋಡಿದ ದಿನವೇ ನಾಲ್ಕು ಟೈರನ್ನೂ ಬದಲಿಸಿದೆ.

ಹಳೆಯ ಪಿಕಪ್ಪನ್ನು ದಾವಣಗೆರೆಯ ಗೆಳೆಯನೊಬ್ಬನಿಗೆ ಮಾರಿದೆ. ಅವನು ಅದರಲ್ಲಿ 14 ಅಡಿಯ ಅಲ್ಯೂಮಿನಿಯಂ ದೋಣಿ ಎಳೆಯುತ್ತಾನೆ, ಹಿಂದೆ ಏನಾದರೂ ಇದೆ ಅಂತ ಗಾಡಿಗೆ ಗೊತ್ತೇ ಆಗುವುದಿಲ್ಲ ಅನ್ನುತ್ತಾನೆ. ಮುಂದಿನ ಬೇಸಿಗೆಗೆ ಇನ್ನೂ ದೊಡ್ಡ ದೋಣಿ ನೋಡುತ್ತಿದ್ದಾನಂತೆ. ಅವನ ಬಾಗಿಲಿನ ಸ್ಟಿಕರಿನ ಫೋಟೋ ನನ್ನ ಫೋನಿನಲ್ಲಿ ಇನ್ನೂ ಇದೆ, ಮೊನ್ನೆ ಕಳಿಸಿದೆ.