ಮಿರರ್ ಡಿಸ್ಕ್ ಹೋದ್ರೆ ಯಾರು ಬಾಯ್ಬಿಡ್ತಾರೆ? ನಾನು ಟ್ರೈ ಮಾಡಿದ್ದಿಷ್ಟು

ಆಫೀಸಿನ ಡೆಬಿಯನ್ ಲಿನಕ್ಸ್ ಸರ್ವರ್‌ಗೆ ಎರಡು 4 ಟಿಬಿ ಡಿಸ್ಕ್ ಹಾಕಿ ರೇಡ್ 1 (ಎರಡರಲ್ಲೂ ಒಂದೇ ಡೇಟಾ, ಅಂದ್ರೆ ಮಿರರ್) ಮಾಡಿ ಮರೆತುಬಿಟ್ಟಿದ್ದೆ. ಯಾವ್ದೋ ಬೇರೆ ಕೆಲ್ಸಕ್ಕೆ ಲಾಗಿನ್ ಆಗಿ ಸುಮ್ನೆ ಎಂಡಿಸ್ಟ್ಯಾಟ್ (ರೇಡ್ ಸ್ಥಿತಿ ತೋರ್ಸೋ ಫೈಲು) ನೋಡ್ತೀನಿ, ಎರಡು 'ಯು' (ಚೆನ್ನಾಗಿರೋ ಡಿಸ್ಕಿಗೊಂದು) ಇರ್ಬೇಕಾದಲ್ಲಿ ಒಂದೇ ಇದೆ, ಪಕ್ಕದಲ್ಲಿ ಅಂಡರ್‌ಸ್ಕೋರ್. ಲಾಗ್ ತೆಗೆದ್ರೆ ಡಿಸ್ಕ್ ಹೋಗಿ 19 ದಿನ! ಅಷ್ಟೂ ದಿನ ಒಂಟಿಕಾಲಲ್ಲಿ ನಿಂತಿತ್ತು ಪಾಪ.

ತಮಾಷೆ ಏನಂದ್ರೆ ಲಿನಕ್ಸಲ್ಲಿ ರೇಡ್ ನೋಡ್ಕೊಳ್ಳೋ ಎಂಡಿಆಡ್ಮ್ ಟೂಲಿನ ಮಾನಿಟರ್ ತನ್ನ ಕೆಲ್ಸ ಸರಿಯಾಗೇ ಮಾಡಿತ್ತು, ಹೋದ ತಕ್ಷಣ ಒಂದು ಫೇಲ್ ಮೇಲು, ಆಮೇಲೆ ದಿನಕ್ಕೊಂದು ಡಿಗ್ರೇಡೆಡ್ (ಒಂದು ಡಿಸ್ಕ್ ಕಮ್ಮಿ ಅಂತ) ಮೇಲು, ಎಲ್ಲಾ ಅದೇ ಸರ್ವರ್‌ನ ರೂಟ್ (ಅಡ್ಮಿನ್ ಖಾತೆ) ಮೇಲ್ ಡಬ್ಬಿಗೆ, ಅದನ್ನ ತೆಗ್ದು ನೋಡೋರು ಯಾರು? ಡೀಫಾಲ್ಟ್ ವಿಳಾಸ ರೂಟ್ ಅಂತಾನೇ ಇರುತ್ತೆ. ಅದನ್ನ ಬದಲಾಯಿಸಿ ಹೊರಗಿನ ಮೇಲ್‌ಗೆ ಕಳ್ಸೋಕೆ ಎಂಎಸ್‌ಎಂಟಿಪಿ ಹಾಕಿದೆ, ಬಂತು, ಆದ್ರೆ ಮೊದಲನೇದು ಸೀದಾ ಸ್ಪ್ಯಾಮ್‌ಗೆ.

ಆಮೇಲೆ ಸ್ಮಾರ್ಟ್‌ಡಿ. ಇದ್ರ ಲೆಕ್ಕಾನೇ ಬೇರೆ, ಇದಕ್ಕೆ ಮಿರರ್ ಅಂದ್ರೇನು ಅಂತ ಗೊತ್ತಿಲ್ಲ, ಡಿಸ್ಕ್ ಆರೋಗ್ಯ ಮಾತ್ರ ನೋಡುತ್ತೆ, ಅದೂ ಸೆಟ್ಟಿಂಗ್ ಮುಟ್ಟದಿದ್ರೆ 30 ನಿಮಿಷಕ್ಕೊಮ್ಮೆ. ನಾನೇ ಬೇಕಂತ ಎಂಡಿಆಡ್ಮ್‌ನಲ್ಲಿ ಒಂದು ಡಿಸ್ಕನ್ನ ಫೇಲ್ ಅಂತ ಗುರುತು ಹಾಕಿದೆ, ಎಂಡಿಆಡ್ಮ್ ಆ ಕ್ಷಣಾನೇ ಕೂಗ್ತು, ಸ್ಮಾರ್ಟ್‌ಡಿ ಉಸಿರೇ ಬಿಡ್ಲಿಲ್ಲ, ಡಿಸ್ಕ್ ಚೆನ್ನಾಗೇ ಇತ್ತಲ್ಲ! ಆದ್ರೂ ತೆಗೀಬೇಡಿ. ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದೋಕಾಗದ ಜಾಗ) ಏರ್ತಿರೋದನ್ನ ಡಿಸ್ಕ್ ಸಾಯೋಕ್ ಮುಂಚೆ ಹೇಳೋದು ಇದೇ, ಎಲ್ಲಾ ಸಲ ಅಲ್ಲ ಅಷ್ಟೇ, ಸೂಚನೆ ಕೊಡದೆ ಹೋಗೋ ಡಿಸ್ಕೂ ಇರ್ತವೆ.

ಸರ್ವರ್ ಅಂಕಿಅಂಶ ಕೂಡಿಡೋ ಪ್ರೊಮೀಥಿಯಸ್, ಅದರ ಜೊತೆ ಅಲಾರಂ ಕಳ್ಸೋ ಅಲರ್ಟ್‌ಮ್ಯಾನೇಜರ್ ಎಲ್ಲಾ ಒಂದು ವೀಕೆಂಡ್ ಕೂತು ಹಾಕಿದೆ. ಗ್ರಾಫ್ ಚಂದ. ಒಂದು ಸರ್ವರ್‌ಗೆ ಇಷ್ಟೆಲ್ಲಾ ಬೇಡ ಮಾರಾಯ್ರೆ, ಅದೂ ಅದೇ ಮಶೀನಲ್ಲಿ ಓಡಿಸಿದ್ರೆ ಮಶೀನ್ ಜೊತೆ ಅಲರ್ಟೂ ಮಲಗುತ್ತೆ.

ಈಗ ಉಳ್ಸಿಕೊಂಡಿರೋದು: ಎಂಡಿಆಡ್ಮ್ ಕಾನ್ಫಿಗ್‌ನಲ್ಲಿ ಪ್ರೋಗ್ರಾಮ್ ಅಂತ ಒಂದು ಸಾಲು ಹಾಕ್ಬೋದು, ಏನಾದ್ರೂ ಆದ್ರೆ ಆ ಸ್ಕ್ರಿಪ್ಟಿಗೆ ಈವೆಂಟ್ ಹೆಸರು, ಅರೇ (ರೇಡ್ ಗುಂಪು) ಹೆಸರು ಕೊಡುತ್ತೆ, ನನ್ ಸ್ಕ್ರಿಪ್ಟ್ ಅದನ್ನ ಟೆಲಿಗ್ರಾಂಗೆ ಹಾಕುತ್ತೆ. ಜೊತೆಗೆ ಹೊತ್ತಿಗೆ ಸರಿಯಾಗಿ ಕೆಲ್ಸ ಓಡ್ಸೋ ಕ್ರಾನ್‌ನಿಂದ ಗಂಟೆಗೊಂದು ಸಲ ಎರಡು 'ಯು' ಇದ್ರೆ ಮಾತ್ರ ಹೊರಗಿನ ಹೆಲ್ತ್‌ಚೆಕ್ಸ್ ಸರ್ವೀಸಿಗೆ ಪಿಂಗ್, ಪಿಂಗ್ ನಿಂತ್ರೆ ಅಲ್ಲಿಂದ ನಂಗೆ ಮೇಲ್. ನೆಟ್ ಹೋದ್ರೂ ಕರೆಂಟ್ ಹೋದ್ರೂ ಗೊತ್ತಾಗುತ್ತೆ, ನಮ್ ಕಡೆ ಕರೆಂಟ್ ಕಥೆ ಗೊತ್ತಲ್ಲ, ಸುಳ್ಳು ಅಲಾರಂ ತಿಂಗಳಿಗೆ ಒಂದೆರಡು ಇದ್ದಿದ್ದೇ, ಪರ್ವಾಗಿಲ್ಲ.

ಟೆಸ್ಟ್ ಮೇಲ್ ಬೇಕಂದ್ರೆ ಸ್ಕ್ಯಾನ್, ಒನ್‌ಶಾಟ್, ಟೆಸ್ಟ್ ಅಂತ ಮೂರು ಆಪ್ಷನ್ ಕೊಟ್ಟು ಮಾನಿಟರ್ ಓಡಿಸಿ. ಇನ್ನೊಂದು, ಮೆಸೇಜಲ್ಲಿ ಎಸ್‌ಡಿಬಿ ಅಂತ ಡಿಸ್ಕ್ ಹೆಸರಷ್ಟೇ ಬಂದ್ರೆ ಪ್ರಯೋಜನ ಇಲ್ಲ, ರೀಬೂಟ್ ಆದ್ರೆ ಆ ಹೆಸರೇ ಅದಲುಬದಲಾಗ್ಬೋದು. ಸೀರಿಯಲ್ ನಂಬರೂ ಬರೋ ಹಾಗೆ ಮಾಡಿ, ಅದನ್ನೇ ಟ್ರೇ ಮೇಲೆ ಚೀಟಿ ಬರ್ದು ಅಂಟ್ಸಿ, ಇಲ್ಲಾಂದ್ರೆ ರಾತ್ರಿ ಎರಡು ಗಂಟೆಗೆ ಬದುಕಿರೋ ಡಿಸ್ಕನ್ನೇ ಎಳೀತೀರಾ.